ಬೆಂಕಿ ಕಾಣದ ಊಟ: ಗಾಂಧೀಜಿ ತಮ್ಮ ಮೇಲೆಯೇ ನಡೆಸಿದ ಪ್ರಯೋಗ

ಡಿಟಾಕ್ಸ್ ಎಂಬ ಪದ ಕನ್ನಡದ ಪೇಟೆಗಳಿಗೆ ಬಂದು ಹೆಚ್ಚು ಕಾಲವಾಗಿಲ್ಲ. ಆದರೆ ಅದರ ಹಿಂದಿರುವ ಕಲ್ಪನೆಗೆ ನೂರಮೂವತ್ತು ವರ್ಷಗಳಿಗೂ ಮೀರಿದ ವಯಸ್ಸಾಗಿದೆ. ದೇಹದಲ್ಲಿ ಕಲ್ಮಷ ಸೇರಿಕೊಳ್ಳುತ್ತದೆ, ಎಲ್ಲ ರೋಗಗಳಿಗೂ ಅದೇ ಮೂಲ, ಹಸಿ ತರಕಾರಿ, ಹಣ್ಣಿನ ರಸ, ಉಪವಾಸಗಳಿಂದ ಅದನ್ನು ಹೊರಹಾಕಬಹುದು ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಪುಸ್ತಕರೂಪ ತಾಳಿ, ಹಡಗು ಹತ್ತಿ ಭಾರತಕ್ಕೂ ದಕ್ಷಿಣ ಆಫ್ರಿಕಕ್ಕೂ ಬಂದಿತು. ಅದನ್ನು ಮನಸಾರೆ ನಂಬಿದ ಭಾರತೀಯರಲ್ಲಿ ಮೋಹನದಾಸ ಕರಮಚಂದ ಗಾಂಧಿಯವರಷ್ಟು ಪ್ರಸಿದ್ಧರು ಮತ್ತೊಬ್ಬರಿಲ್ಲ. ಆ ನಂಬಿಕೆಯನ್ನು ಅವರಷ್ಟು ಕಾಲ ತಮ್ಮ ಹೊಟ್ಟೆಯ ಮೇಲೆಯೇ ಪರೀಕ್ಷಿಸಿ, ಸೋಲನ್ನೂ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರೂ ವಿರಳ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಗಾಂಧಿ, ಹುಡುಗನಾಗಿದ್ದಾಗ ಗೆಳೆಯನೊಬ್ಬನ ಒತ್ತಾಯಕ್ಕೆ ಮಣಿದು ಗುಟ್ಟಾಗಿ ಮಾಂಸ ತಿಂದಿದ್ದರು. ಇಂಗ್ಲಿಷರಂತೆ ಬಲಿಷ್ಠರಾಗಲು ಮಾಂಸವೇ ದಾರಿ ಎಂಬುದು ಆಗ ಅವರನ್ನು ಸೆಳೆದ ಆಹಾರ ಸಿದ್ಧಾಂತ. 1888ರಲ್ಲಿ ಲಂಡನ್ನಿಗೆ ಹೊರಟಾಗ ತಾಯಿಗೆ ಕೊಟ್ಟ ಮಾತಿನಿಂದಾಗಿ ಮಾಂಸ ಬಿಟ್ಟರು. ಅಲ್ಲಿ ಫ್ಯಾರಿಂಗ್ಡನ್ ರಸ್ತೆಯ ಸಸ್ಯಾಹಾರಿ ಹೋಟೆಲಿನಲ್ಲಿ ಹೆನ್ರಿ ಸಾಲ್ಟ್ ಬರೆದ ಪುಸ್ತಕ ಕೈಗೆ ಸಿಕ್ಕಿದ ಮೇಲೆ ಮಾತಿಗಾಗಿ ಪಾಲಿಸುತ್ತಿದ್ದ ನಿಯಮ ನಂಬಿಕೆಯಾಗಿ ಬೆಳೆಯಿತು. ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಸಮಿತಿಗೂ ಸೇರಿದರು. ಆ ವಲಯದಲ್ಲಿ ಪ್ರಾಣಿದಯೆಯ ಜೊತೆಗೆ ಹತ್ತಾರು ಆರೋಗ್ಯ ಸಿದ್ಧಾಂತಗಳೂ ಹರಿದಾಡುತ್ತಿದ್ದವು. ಸಂಘದ ಅಧ್ಯಕ್ಷರಾಗಿದ್ದ ಎ. ಎಫ್. ಹಿಲ್ಸ್ ಎಂಬ ಉದ್ಯಮಿ ಪ್ರತಿಪಾದಿಸುತ್ತಿದ್ದ ಜೀವಂತ ಆಹಾರ, ಅಂದರೆ ಬೆಂಕಿ ಮುಟ್ಟದ ಧಾನ್ಯ, ಬೀಜ, ಹಣ್ಣುಗಳ ಊಟ, ಅವುಗಳಲ್ಲೊಂದು.

1893ರಲ್ಲಿ ಪ್ರಿಟೋರಿಯಾದಲ್ಲಿ ಇಪ್ಪತ್ತಮೂರರ ಯುವ ವಕೀಲ ಗಾಂಧಿ ಈ ಊಟವನ್ನು ಮೊದಲ ಬಾರಿಗೆ ಪರೀಕ್ಷಿಸಿದರು. ನೆನೆಸಿದ ಗೋಧಿ, ಒಣದ್ರಾಕ್ಷಿ, ಬೀಜಗಳು. ದಿನದಿನದ ಅನುಭವವನ್ನು ಬರೆದಿಟ್ಟರು. ಹಸಿವು ಹಿಂಗಲಿಲ್ಲ, ಹಲ್ಲು ನೋಯಿತು, ನಿಶ್ಶಕ್ತಿ ಆವರಿಸಿತು. ಎರಡು ವಾರ ಕಳೆಯುವ ಮುನ್ನವೇ ಪ್ರಯೋಗ ನಿಂತಿತು. ಆ ದಿನಚರಿಯನ್ನು ಅವರು ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಗೇ ಕಳುಹಿಸಿದರು. 1894ರಲ್ಲಿ ಅದು ಪ್ರಕಟವಾಯಿತು. ಗುರುವಿನ ಸಿದ್ಧಾಂತ ತಮ್ಮಲ್ಲಿ ಫಲಿಸಲಿಲ್ಲವೆಂದು ಗುರುವಿನ ಬಳಗದ ಪತ್ರಿಕೆಯಲ್ಲೇ ಬರೆಯುವ ಧೈರ್ಯ ಆ ವಯಸ್ಸಿಗೇ ಅವರಿಗಿತ್ತು.

ಆದರೂ ಕಲ್ಪನೆ ಬಿಡಲಿಲ್ಲ. ಜೋಹಾನ್ಸ್‌ಬರ್ಗಿನಲ್ಲಿ ಮಲಬದ್ಧತೆ ಮತ್ತು ತಲೆನೋವಿನಿಂದ ಬಳಲುತ್ತಿದ್ದ ಅವರಿಗೆ ಲೂಯಿ ಕೂನೆ ಮತ್ತು ಅಡಾಲ್ಫ್ ಜುಸ್ಟ್ ಎಂಬ ಇಬ್ಬರು ಜರ್ಮನರ ಪುಸ್ತಕಗಳು ದಾರಿದೀಪವಾದವು. ಲೈಪ್‌ಜಿಗ್‌ನ ಕೂನೆ ವೈದ್ಯಶಾಸ್ತ್ರ ಓದಿದವನಲ್ಲ. ಎಲ್ಲ ರೋಗಗಳೂ ಒಂದೇ, ದೇಹದಲ್ಲಿ ಸೇರಿದ ಅನ್ಯಪದಾರ್ಥವೇ ಕಾರಣ, ತಣ್ಣೀರಿನ ತೊಟ್ಟಿಸ್ನಾನ ಮತ್ತು ಸಪ್ಪೆ ಸಸ್ಯಾಹಾರದಿಂದ ಅದು ಹೊರಬೀಳುತ್ತದೆ ಎಂದು ಅವನ ವಾದ. ಮುಖ ನೋಡಿಯೇ ಕಲ್ಮಷ ಎಲ್ಲಿದೆ ಎಂದು ಹೇಳಬಲ್ಲೆನೆಂದೂ ಅವನು ಸಾರುತ್ತಿದ್ದ. ಅವನ ಪುಸ್ತಕ ಭಾರತದ ಹಲವು ಭಾಷೆಗಳಿಗೆ ಅನುವಾದವಾಯಿತು. ಜುಸ್ಟ್ ಹೊಟ್ಟೆಯ ಮೇಲೆ ಹಸಿಮಣ್ಣಿನ ಪಟ್ಟಿ ಕಟ್ಟುವುದನ್ನು ಹೇಳಿಕೊಟ್ಟ. ಕ್ರಿಮಿಗಳಿಂದ ರೋಗ ಹರಡುತ್ತದೆ ಎಂದು ಪಾಶ್ಚರ್ ಮತ್ತು ಕಾಖ್ ತೋರಿಸಿಕೊಟ್ಟ ಕಾಲದಲ್ಲೇ ಈ ಪುಸ್ತಕಗಳು ಬಿಸಿಬಿಸಿಯಾಗಿ ಮಾರಾಟವಾದವು ಎಂಬುದು ಗಮನಿಸಬೇಕಾದ ಸಂಗತಿ. ಅಂದಿನ ವೈದ್ಯರ ಬಳಿ ರೋಗದ ಹೆಸರಿತ್ತು, ಔಷಧ ಅಷ್ಟಾಗಿ ಇರಲಿಲ್ಲ. ಕೂನೆಯ ಬಳಿ ಎಲ್ಲಕ್ಕೂ ಮದ್ದಿತ್ತು.

ಈ ನಂಬಿಕೆಗೆ ಕಠಿಣ ಪರೀಕ್ಷೆ ಎದುರಾದದ್ದು 1902ರ ಮುಂಬಯಿಯಲ್ಲಿ. ಸುಮಾರು ಹತ್ತು ವರ್ಷದ ಮಗ ಮಣಿಲಾಲನಿಗೆ ಟೈಫಾಯಿಡ್, ಜೊತೆಗೆ ನ್ಯುಮೋನಿಯಾ. ಔಷಧದಿಂದ ಹೆಚ್ಚು ಪ್ರಯೋಜನವಿಲ್ಲ, ಮೊಟ್ಟೆ ಮತ್ತು ಕೋಳಿಯ ಸಾರು ಕೊಡಿ ಎಂದು ಪಾರ್ಸಿ ವೈದ್ಯರು ಸಲಹೆ ಮಾಡಿದರು. ಗಾಂಧಿ ಒಪ್ಪಲಿಲ್ಲ. ಕೂನೆಯ ತೊಟ್ಟಿಸ್ನಾನ, ನೀರು ಬೆರೆಸಿದ ಕಿತ್ತಳೆ ರಸ. ಜ್ವರ 104 ಡಿಗ್ರಿಗೇರಿದ ರಾತ್ರಿ ಹುಡುಗನಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಅವರು ಚೌಪಾಟಿಯ ಕಡೆ ನಡೆದುಹೋದರು. ಮರಳಿ ಬಂದಾಗ ಹುಡುಗ ಬೆವರಿದ್ದ. ನಲವತ್ತು ದಿನಗಳ ಆರೈಕೆಯ ಬಳಿಕ ಗುಣವಾದ. ದೈವಕೃಪೆಯೋ, ನೀರಿನ ಚಿಕಿತ್ಸೆಯೋ, ಪಥ್ಯವೋ, ಯಾವುದರಿಂದ ಗುಣವಾಯಿತೆಂದು ನಿರ್ಣಯಿಸುವವರು ಯಾರು ಎಂದು ಆತ್ಮಕಥೆಯಲ್ಲಿ ಅವರೇ ಪ್ರಶ್ನೆ ಎತ್ತಿದ್ದಾರೆ.

ಆ ಪ್ರಶ್ನೆಗೆ ಸಂಖ್ಯಾಶಾಸ್ತ್ರದ ಉತ್ತರವಿದೆ. ಔಷಧವಿಲ್ಲದ ಕಾಲದಲ್ಲಿ ಟೈಫಾಯಿಡ್ ತಗುಲಿದ ಪ್ರತಿ ನೂರು ಮಂದಿಯಲ್ಲಿ ಹತ್ತರಿಂದ ಇಪ್ಪತ್ತು ಮಂದಿ ಸಾಯುತ್ತಿದ್ದರು. ಅಂದರೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಯಾವ ಚಿಕಿತ್ಸೆ ಮಾಡಿದರೂ ಉಳಿಯುತ್ತಿದ್ದರು. ಅವರೆಲ್ಲರ ಮನೆಯವರೂ ತಾವು ಕೊಟ್ಟ ಕಷಾಯವನ್ನೋ ಕಟ್ಟಿದ ತಾಯಿತವನ್ನೋ ನಂಬಿದ್ದರೆ ಆಶ್ಚರ್ಯವಿಲ್ಲ. ಉಳಿದ ಹತ್ತಿಪ್ಪತ್ತು ಮನೆಗಳವರು ಪುಸ್ತಕ ಬರೆಯಲಿಲ್ಲ.

ಹಾಲಿನ ಕಥೆ ಇನ್ನೂ ಉದ್ದವಾದದ್ದು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧಿ ಮತ್ತು ಕ್ಯಾಲೆನ್‌ಬಾಖ್ ಹಾಲನ್ನು ತ್ಯಜಿಸಿದರು. ಇಂದ್ರಿಯನಿಗ್ರಹಕ್ಕೆ ಹಾಲು ಅಡ್ಡಿ ಎಂಬುದೊಂದು ಕಾರಣ, ಕಲ್ಕತ್ತೆಯ ಗೌಳಿಗರು ಹಸುಗಳಿಗೆ ಕೊಡುತ್ತಿದ್ದ ಹಿಂಸೆಯ ವರದಿ ಇನ್ನೊಂದು. ನೆಲಗಡಲೆ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆಗಳೇ ಊಟವಾದವು. ಮರುವರ್ಷ ಆರೋಗ್ಯದ ಮೇಲೆ ಗುಜರಾತಿಯಲ್ಲಿ ಲೇಖನಮಾಲೆಯನ್ನೇ ಬರೆದರು. ಅದು ಅನೇಕ ಭಾಷೆಗಳಲ್ಲಿ ಪುಸ್ತಕವಾಗಿ ಅವರ ಇತರ ಎಷ್ಟೋ ಬರಹಗಳಿಗಿಂತ ಹೆಚ್ಚು ಓದುಗರನ್ನು ಕಂಡಿತು.

1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ಅಲೆಯುತ್ತಿದ್ದಾಗ ಆಮಶಂಕೆ ಹಿಡಿಯಿತು. ಔಷಧ ಬೇಡವೆಂದರು, ಹಾಲು ಬೇಡವೆಂದರು, ಸಾವು ಬಂತೆಂದೇ ತಿಳಿದರು. ಕೊನೆಗೆ 1919ರ ಆರಂಭದಲ್ಲಿ ಮುಂಬಯಿಯಲ್ಲಿ ಡಾ. ದಲಾಲ್, ಹಾಲು ಕುಡಿಯದೆ ದೇಹ ಮತ್ತೆ ಕಟ್ಟಿಕೊಳ್ಳದು ಎಂದು ಪಟ್ಟು ಹಿಡಿದಾಗ ಕಸ್ತೂರಬಾ ಒಂದು ದಾರಿ ಕಂಡುಹಿಡಿದರು. ವ್ರತ ತೊಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಯ ಹಾಲು. ಆಡಿನ ಹಾಲಿಗೆ ತಡೆಯಿಲ್ಲ. ಗಾಂಧಿ ಕುಡಿದರು, ಚೇತರಿಸಿಕೊಂಡರು, ಮತ್ತು ವ್ರತದ ಅಕ್ಷರವನ್ನಷ್ಟೇ ಉಳಿಸಿ ಅದರ ಆತ್ಮವನ್ನು ಕೊಂದೆನೆಂಬ ಕೊರಗನ್ನು ಬಹುಕಾಲ ಹೊತ್ತರು. ಹಾಲಿಗೆ ಬದಲಾಗಿ ಗಿಡಮರಗಳಿಂದಲೇ ದೊರೆಯುವ ಒಂದು ವಸ್ತುವನ್ನು ಹುಡುಕಿಕೊಡಿ ಎಂದು ಅಂದಿನಿಂದ ಕೊನೆಯವರೆಗೂ ವೈದ್ಯರನ್ನೂ ರಸಾಯನಶಾಸ್ತ್ರಜ್ಞರನ್ನೂ ಕೇಳುತ್ತಲೇ ಹೋದರು.

1924ರ ಜನವರಿಯಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗ ಕರುಳುಬಾಲದ ಉರಿಯೂತ ಉಂಟಾಯಿತು. ಆಗ ಮಣ್ಣಿನ ಪಟ್ಟಿಯ ಮಾತು ಬರಲಿಲ್ಲ. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಜನವರಿ 12ರ ರಾತ್ರಿ ಶಸ್ತ್ರಚಿಕಿತ್ಸೆ ನಡೆಸಿದರು. ನಡುವೆ ವಿದ್ಯುತ್ ಕೈಕೊಟ್ಟು ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಬೇಕಾಯಿತು.

ಮೂರು ವರ್ಷದ ಬಳಿಕ ಅವರ ಆರೋಗ್ಯ ಕರ್ನಾಟಕದ ಆರೈಕೆಗೆ ಬಂದಿತು. 1927ರ ಮಾರ್ಚ್ ಕೊನೆಯಲ್ಲಿ ಕೊಲ್ಹಾಪುರದ ಪ್ರವಾಸದಲ್ಲಿ ಅವರು ಕುಸಿದರು. ರಕ್ತದೊತ್ತಡ ವಿಪರೀತ ಏರಿತ್ತು. ನಿಪ್ಪಾಣಿ, ಅಂಬೋಲಿಗಳನ್ನು ದಾಟಿ ಏಪ್ರಿಲಿನಲ್ಲಿ ನಂದಿಬೆಟ್ಟಕ್ಕೆ ಬಂದವರು ಸುಮಾರು ಒಂದೂವರೆ ತಿಂಗಳು ಅಲ್ಲಿ ವಿಶ್ರಾಂತಿ ಪಡೆದರು. ಜೂನ್ ಆರಂಭದಲ್ಲಿ ಬೆಂಗಳೂರಿನ ಕುಮಾರ ಪಾರ್ಕಿಗೆ ಇಳಿದು ಆಗಸ್ಟಿನವರೆಗೂ ಮೈಸೂರು ಸಂಸ್ಥಾನದ ಅತಿಥಿಯಾಗಿದ್ದರು. ಅವರಿಗೆ ಗುಣ ನೀಡಿದ ಮದ್ದು ಬೆಟ್ಟದ ತಂಪು ಮತ್ತು ಕೆಲಸದಿಂದ ಸಿಕ್ಕ ಬಿಡುವು. ಇದನ್ನು ಯಾವ ವೈದ್ಯಪದ್ಧತಿಯೂ ಅಲ್ಲಗಳೆಯುವುದಿಲ್ಲ.

ಬೆಂಗಳೂರಿನ ಆ ದಿನಗಳಲ್ಲಿ ಅವರು ಮಾಡಿದ ಒಂದು ಕೆಲಸ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಹಾಲು ಬಿಟ್ಟು, ಮತ್ತೆ ಆಡಿನ ಹಾಲಿಗೆ ಮರಳಿ ತೊಳಲಾಡುತ್ತಿದ್ದ ವ್ಯಕ್ತಿ, ಈಗ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಾಗಿರುವ ಇಂಪೀರಿಯಲ್ ಡೇರಿಗೆ ವಿದ್ಯಾರ್ಥಿಯಂತೆ ಹೋಗಿ, ಡೇರಿ ತಜ್ಞ ವಿಲಿಯಂ ಸ್ಮಿತ್ ಅವರಿಂದ ಹಸು ಸಾಕಣೆ, ತಳಿ, ಮೇವಿನ ಪಾಠ ಹೇಳಿಸಿಕೊಂಡರು. ಸಂದರ್ಶಕರ ಪುಸ್ತಕದಲ್ಲಿ ಉದ್ಯೋಗದ ಜಾಗದಲ್ಲಿ ತಾವು ಸಾಬರಮತಿಯ ರೈತನೆಂದು ಬರೆದರು. ಜುಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೂ ಹೋಗಿ ವಿದ್ಯಾರ್ಥಿಗಳೊಡನೆ ಮಾತನಾಡಿದರು. ಗಾಂಧೀಜಿ ವಿಜ್ಞಾನವಿರೋಧಿ ಎಂದು ಸಾರಾಸಗಟಾಗಿ ಹೇಳುವವರು ಈ ಬೆಂಗಳೂರಿನ ಬೇಸಿಗೆಯನ್ನು ಮರೆಯುತ್ತಾರೆ.

ಅಷ್ಟಾದರೂ ಬೆಂಕಿ ಕಾಣದ ಊಟ ಅವರನ್ನು ಮತ್ತೆ ಕರೆಯಿತು. 1929ರ ಬೇಸಿಗೆಯಲ್ಲಿ ಆಂಧ್ರ ಪ್ರವಾಸದಲ್ಲಿದ್ದಾಗ ರಾಜಮಂಡ್ರಿಯ ಪ್ರಕೃತಿ ಚಿಕಿತ್ಸಕ ಸುಂದರಂ ಗೋಪಾಲರಾವ್ ಅವರ ಪ್ರೇರಣೆಯಿಂದ ಹಸಿ ಆಹಾರ ಆರಂಭಿಸಿದರು. ಆಶ್ರಮದ ಹಲವರು ಜೊತೆಗೂಡಿದರು. ದಿನದ ಪ್ರಮಾಣವನ್ನು ಅವರು ಪತ್ರಿಕೆಯಲ್ಲಿ ಕೊಟ್ಟಿದ್ದಾರೆ: ಮೊಳಕೆ ಗೋಧಿ 8 ತೊಲ, ಅರೆದ ಬಾದಾಮಿ 8 ತೊಲ, ಜಜ್ಜಿದ ಸೊಪ್ಪು 8 ತೊಲ, ನಿಂಬೆಹಣ್ಣು ಆರು, ಜೇನು 2 ಔನ್ಸ್. ಇದು ಯಶಸ್ವಿಯಾದರೆ ಬಡವರ ಸೌದೆಯ ಖರ್ಚು ಉಳಿಯುತ್ತದೆ, ಹೆಂಗಸರು ಹೊಗೆಯ ಒಲೆಯಿಂದ ಬಿಡುಗಡೆ ಹೊಂದುತ್ತಾರೆ, ಹಾಲಿನ ಹಂಗೂ ತಪ್ಪುತ್ತದೆ ಎಂಬುದು ಅವರ ಆಸೆ. ಬಾದಾಮಿ ಬಡವರಿಗೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಲೆಕ್ಕ ಹಾಕಿ ನೋಡಬಹುದು. 8 ತೊಲವೆಂದರೆ ಸುಮಾರು 93 ಗ್ರಾಂ. ಅಷ್ಟು ಬಾದಾಮಿಯಿಂದ ಐನೂರಕ್ಕೂ ಮಿಕ್ಕಿ ಕ್ಯಾಲೊರಿ, ಮೊಳಕೆ ಗೋಧಿ ಮತ್ತು ಜೇನಿನಿಂದ ಮುನ್ನೂರೈವತ್ತರಷ್ಟು, ಸೊಪ್ಪು ನಿಂಬೆಗಳಿಂದ ಇನ್ನಷ್ಟು. ಎಲ್ಲ ಕೂಡಿದರೂ ಒಂದು ಸಾವಿರದ ಆಸುಪಾಸು. ದುಡಿಯುವ ಗಂಡಸಿಗೆ ಬೇಕಾದದ್ದರ ಅರ್ಧ. ತೂಕ ಇಳಿಯುವುದಕ್ಕೆ, ನಿಶ್ಶಕ್ತಿ ಬರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಈಗ ಜ್ಯೂಸ್ ಉಪವಾಸ ಮಾಡಿ ವಾರದಲ್ಲಿ ಮೂರು ಕಿಲೋ ಇಳಿಸಿಕೊಂಡವರ ದೇಹದಿಂದ ಹೋದದ್ದೂ ಕಲ್ಮಷವಲ್ಲ; ಹೆಚ್ಚಿನದು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಮತ್ತು ಅದರೊಡನೆ ನಿಂತ ನೀರು. ಊಟಕ್ಕೆ ಮರಳಿದ ಕೂಡಲೇ ಅದು ಹಿಂದಿರುಗುತ್ತದೆ.

ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ವಾರವಾರ ವರದಿ ಕೊಟ್ಟರು, ಕೈಬಿಟ್ಟ ಸಂಗಾತಿಗಳ ತೊಂದರೆಗಳನ್ನೂ ಮುಚ್ಚಿಡಲಿಲ್ಲ, ವೈದ್ಯರ ಟೀಕೆಯನ್ನು ಆಹ್ವಾನಿಸಿದರು. ಆಗಸ್ಟಿನಲ್ಲಿ ಅವರನ್ನು ಮತ್ತೆ ಆಮಶಂಕೆ ಹಿಡಿಯಿತು. ಪ್ರಯೋಗ ನಿಂತಿತು, ಆಡಿನ ಹಾಲು ಮರಳಿ ಬಂದಿತು. ಹಸಿ ಸೊಪ್ಪಿಗೂ ಆಮಶಂಕೆಗೂ ನಂಟಿರುವುದು ಕಷ್ಟದ ವಿಷಯವಲ್ಲ. ಕಲುಷಿತ ನೀರು, ಗೊಬ್ಬರದ ಮೂಲಕ ಸೊಪ್ಪಿಗೆ ಅಂಟುವ ಅಮೀಬಾದ ಕೋಶಗಳು ಕುದಿಯುವ ಶಾಖಕ್ಕೆ ಸಾಯುತ್ತವೆ, ನಿಂಬೆ ಹಿಂಡಿದರೆ ಸಾಯುವುದಿಲ್ಲ. ಮೊಳಕೆ ಬರಿಸುವ ತೇವ ಮತ್ತು ಬೆಚ್ಚನೆಯ ವಾತಾವರಣ ಬ್ಯಾಕ್ಟೀರಿಯಗಳಿಗೂ ಅಷ್ಟೇ ಪ್ರಿಯ. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೊಲೈ ಸೋಂಕಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಒಲೆ ಮನುಷ್ಯನ ಅತ್ಯಂತ ಹಳೆಯ ಆರೋಗ್ಯ ಉಪಕರಣ. ಅದು ಪಿಷ್ಟವನ್ನು ಮೆದುಗೊಳಿಸುತ್ತದೆ, ಹಸಿ ಕಾಳುಗಳಲ್ಲಿ ಜೀರ್ಣಕ್ರಿಯೆಗೆ ಅಡ್ಡಿಪಡಿಸುವ ವಸ್ತುಗಳನ್ನು ನಿಷ್ಕ್ರಿಯಗೊಳಿಸುತ್ತದೆ.

ಇದೇ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ಸೇನಾವೈದ್ಯ ಆಹಾರವನ್ನು ಬೇರೊಂದು ಬಗೆಯಲ್ಲಿ ಪರೀಕ್ಷಿಸುತ್ತಿದ್ದ. ಒಂದೇ ವಯಸ್ಸು, ಒಂದೇ ತೂಕದ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಪ್ರಾಂತದ ಊಟ ಹಾಕಿದ. ಸಿಖ್, ಪಠಾಣ, ಮರಾಠಾ, ಗೂರ್ಖಾ, ಕನ್ನಡಿಗ, ಬಂಗಾಳಿ, ಮದರಾಸಿ, ಇದು ಇಲಿಗಳು ಬೆಳೆದ ಕ್ರಮ. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಯ ಸಿಖ್ ಊಟದ ಇಲಿ ಎಲ್ಲಕ್ಕಿಂತ ದಷ್ಟಪುಷ್ಟ. ಪಾಲಿಷ್ ಅಕ್ಕಿಯ ಮದರಾಸಿ ಊಟದ್ದು ಎಲ್ಲಕ್ಕಿಂತ ಬಡಕಲು. ಕನ್ನಡಿಗರ ಊಟಕ್ಕೆ ಏಳರಲ್ಲಿ ಐದನೆಯ ಸ್ಥಾನ. ಇಲಿ ಮನುಷ್ಯನಲ್ಲ, ಈ ಫಲಿತಾಂಶದ ಮೇಲೆ ಜನಾಂಗಗಳ ಹಣೆಬರಹ ಬರೆಯಲಾಗದು. ಆದರೆ ಪ್ರಯೋಗದ ರೀತಿ ಗಮನಾರ್ಹ. ಹೋಲಿಕೆಗೆ ಮತ್ತೊಂದು ಗುಂಪಿದ್ದುದರಿಂದ ಯಾವ ಪರಿಣಾಮಕ್ಕೆ ಯಾವುದು ಕಾರಣವೆಂದು ಹೇಳಲು ಸಾಧ್ಯವಾಯಿತು. ಆಶ್ರಮದ ಪ್ರಯೋಗಗಳಲ್ಲಿ ಪ್ರಾಮಾಣಿಕತೆಗೆ ಕೊರತೆಯಿರಲಿಲ್ಲ, ಹೋಲಿಕೆಯ ಗುಂಪಿರಲಿಲ್ಲ.

ವಿಜ್ಞಾನ ಗಾಂಧೀಜಿಯ ಪರವಾಗಿ ನಿಂತ ಸಂದರ್ಭವೂ ಇದೆ. ಗಿರಣಿಯ ಬಿಳಿ ಅಕ್ಕಿಯಿಂದ ಬೆರಿಬೆರಿ ಬರುತ್ತದೆ, ತವಡು ಉಳಿದ ಅಕ್ಕಿ ಅದನ್ನು ತಡೆಯುತ್ತದೆ ಎಂಬುದು ಪ್ರಯೋಗಗಳಿಂದ ಸಿದ್ಧವಾಗಿತ್ತು. 1934ರ ನಂತರ ವಾರ್ಧಾದ ಗ್ರಾಮೋದ್ಯೋಗ ಸಂಘದ ಮೂಲಕ ಅವರು ಕೈಕುಟ್ಟಿದ ಅಕ್ಕಿಗಾಗಿ ನಡೆಸಿದ ಪ್ರಚಾರ ಭದ್ರವಾದ ನೆಲದ ಮೇಲಿತ್ತು. ಕೂನೂರಿನ ಆ ಪ್ರಯೋಗಾಲಯವೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದು ಪ್ರಕಟಿಸಿದ ಆಹಾರ ಕೋಷ್ಟಕಗಳಲ್ಲಿ ನೂರು ಗ್ರಾಂ ರಾಗಿಗೆ ಮುನ್ನೂರು ಮಿಲಿಗ್ರಾಂ ಮೀರಿದ ಸುಣ್ಣದಂಶ ದಾಖಲಾಗಿದೆ. ಕೆಂಪಾಪುರದಂಥ ಮಾಗಡಿ ಸೀಮೆಯ ಹಳ್ಳಿಗಳ ಮುದ್ದೆಗೆ ಯಾವ ಪವಾಡದ ಜಾಹೀರಾತೂ ಬೇಕಿಲ್ಲ, ಆ ಅಂಕಿ ಸಾಕು. ಅದೇ ರಾಗಿಯನ್ನು ಪುಡಿಮಾಡಿ ಸಕ್ಕರೆ ಕಾಯಿಲೆ ಬುಡಸಹಿತ ಕಿತ್ತುಹಾಕುವ ಮದ್ದೆಂದು ಡಬ್ಬಿಗೆ ತುಂಬಿದಾಗ ಅಂಕಿ ಮುಗಿದು ನಂಬಿಕೆ ಶುರುವಾಗುತ್ತದೆ.

ನಂಬಿಕೆಯ ಬೆಲೆ ತೂಕ ಇಳಿಯುವುದಕ್ಕಷ್ಟೇ ನಿಲ್ಲಲಿಲ್ಲ. ಗಾಂಧೀಜಿ ಸಿಡುಬಿನ ಲಸಿಕೆಯನ್ನು ವಿರೋಧಿಸುತ್ತಿದ್ದರು. ಹಸುವಿನಿಂದ ತೆಗೆದ ದ್ರವವನ್ನು ದೇಹಕ್ಕೆ ಸೇರಿಸುವುದು ಅವರಿಗೆ ಅಸಹ್ಯವಾಗಿತ್ತು. ಶುದ್ಧ ಜೀವನವಿದ್ದರೆ ರೋಗ ಬಾರದೆಂದು ಅವರ ಭಾವನೆ. 1930ರ ಆರಂಭದಲ್ಲಿ, ದಂಡಿ ಯಾತ್ರೆಗೆ ಕೆಲವೇ ದಿನಗಳಿರುವಾಗ, ಸಾಬರಮತಿ ಆಶ್ರಮಕ್ಕೆ ಸಿಡುಬು ಹೊಕ್ಕಿತು. ಮಕ್ಕಳು ಸತ್ತರು. ಅವರ ದುಃಖ ಪತ್ರಗಳಲ್ಲಿ ಉಳಿದಿದೆ. ಬೇಕಾದವರು ಲಸಿಕೆ ಹಾಕಿಸಿಕೊಳ್ಳಲು ಅಡ್ಡಿ ಮಾಡಲಿಲ್ಲ, ಆದರೆ ಅವರ ಅಭಿಪ್ರಾಯ ಬದಲಾಗಲಿಲ್ಲ. ತಮ್ಮ ಊಟದ ವಿಷಯದಲ್ಲಿ ಸಾಕ್ಷ್ಯಕ್ಕೆ ತಲೆಬಾಗಿದವರು ಇಲ್ಲಿ ಬಾಗಲಿಲ್ಲ. ಮೈಸೂರು ಅರಮನೆಯ ರಾಣಿಯರು ಅದಕ್ಕಿಂತ ಒಂದು ಶತಮಾನಕ್ಕೂ ಹಿಂದೆಯೇ ಲಸಿಕೆಗೆ ಬೆಂಬಲವಾಗಿ ನಿಂತಿದ್ದರೆಂದು ಇತಿಹಾಸಕಾರರು ಹಳೆಯ ಚಿತ್ರವೊಂದರಿಂದ ಗುರುತಿಸಿದ್ದಾರೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ, ಲಸಿಕೆಯ ಬಲದಿಂದ.

ಕೂನೆಯ ಅನ್ಯಪದಾರ್ಥಕ್ಕೆ ಇಂದಿಗೂ ಹೆಸರಿಟ್ಟವರಿಲ್ಲ. 2009ರಲ್ಲಿ ಬ್ರಿಟನ್ನಿನ ವಿಜ್ಞಾನ ಸಂಘಟನೆಯೊಂದು ಹದಿನೈದು ಡಿಟಾಕ್ಸ್ ಉತ್ಪನ್ನಗಳ ತಯಾರಕರನ್ನು ವಿಚಾರಿಸಿದಾಗ ಆ ಪದಕ್ಕೆ ಒಬ್ಬರ ಅರ್ಥ ಇನ್ನೊಬ್ಬರದಾಗಿರಲಿಲ್ಲ. 2015ರಲ್ಲಿ ಆಸ್ಟ್ರೇಲಿಯದ ಸಂಶೋಧಕರಿಬ್ಬರು ಈ ಕುರಿತ ಅಧ್ಯಯನಗಳನ್ನೆಲ್ಲ ಜಾಲಾಡಿ, ಮಾರಾಟದಲ್ಲಿರುವ ಡಿಟಾಕ್ಸ್ ಪಥ್ಯಗಳ ಮೇಲೆ ಮನುಷ್ಯರಲ್ಲಿ ನಡೆದ ಒಂದೂ ಯಾದೃಚ್ಛಿಕ ನಿಯಂತ್ರಿತ ಪ್ರಯೋಗ ಸಿಗಲಿಲ್ಲವೆಂದು ವರದಿ ಮಾಡಿದರು. ದೇಹದ ತ್ಯಾಜ್ಯವನ್ನು ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅವು ಕೆಟ್ಟರೆ ಬೇಕಾದದ್ದು ಡಯಾಲಿಸಿಸ್. ಸೋರೆಕಾಯಿ ರಸ ಆ ಕೆಲಸ ಮಾಡುವುದಿಲ್ಲ. ಹಣ್ಣು ತರಕಾರಿ ಹೆಚ್ಚು ತಿನ್ನಬೇಕು, ಸಕ್ಕರೆ, ಉಪ್ಪು, ಹೆಂಡ ಕಡಿಮೆ ಮಾಡಬೇಕು ಎಂಬ ಮಾತಿಗೆ ಯಾವ ವೈದ್ಯರ ತಕರಾರೂ ಇಲ್ಲ.

1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಗಾಂಧೀಜಿ ತಮ್ಮ ಹಳೆಯ ಆರೋಗ್ಯ ಪುಸ್ತಕವನ್ನು ಹೊಸದಾಗಿ ಬರೆದರು. ಮಣ್ಣು, ನೀರು, ಬಿಸಿಲುಗಳು ಅಲ್ಲಿ ಉಳಿದವು. ಆದರೆ ಸಸ್ಯಾಹಾರಿಗೆ ಹಾಲು ಅಗತ್ಯ ಎಂಬುದನ್ನು ಒಪ್ಪಿಕೊಂಡರು. ತಾವು ಕಾಲು ಶತಮಾನ ಹಿಡಿದ ಹಟವನ್ನು ಅನುಭವದ ಮುಂದೆ ಸಡಿಲಿಸಿದ್ದು ಅದರ ಅರ್ಥ. 1944ರ ಫೆಬ್ರುವರಿಯಲ್ಲಿ ಅದೇ ಸೆರೆಯಲ್ಲಿ ಕಸ್ತೂರಬಾ ಹೃದ್ರೋಗ ಮತ್ತು ನ್ಯುಮೋನಿಯಾದಿಂದ ಕೊನೆಯ ಹಂತ ತಲುಪಿದಾಗ ಮಗ ದೇವದಾಸ ಪೆನಿಸಿಲಿನ್ ತರಿಸಿದ್ದರು. ಚುಚ್ಚಿ ನೋಯಿಸುವುದು ಬೇಡವೆಂದು ಗಾಂಧೀಜಿ ತಡೆದರು. ಹೃದಯ ಸೋತಿದ್ದ ಆ ಘಟ್ಟದಲ್ಲಿ ಔಷಧ ಉಳಿಸುತ್ತಿತ್ತೆಂದು ಹೇಳಲಾಗದು, ಆದರೂ ಆ ನಿರ್ಧಾರದ ಚರ್ಚೆ ಇನ್ನೂ ಮುಗಿದಿಲ್ಲ. ಕೆಲವು ವಾರಗಳಲ್ಲಿ ಅವರಿಗೇ ಮಲೇರಿಯಾ ಬಂದು, ಮೊದಲು ಬೇಡವೆಂದರೂ ಕೊನೆಗೆ ಕ್ವಿನೈನ್ ಸೇವಿಸಿದರು. ಬಿಡುಗಡೆಯ ನಂತರದ ಪರೀಕ್ಷೆಗಳಲ್ಲಿ ಕೊಕ್ಕೆಹುಳು ಮತ್ತು ಅಮೀಬಾ ಕಂಡುಬಂದವು. 1946ರಲ್ಲಿ ಪುಣೆಯ ಬಳಿ ಉರುಳಿ ಕಾಂಚನದಲ್ಲಿ ಬಡವರಿಗಾಗಿ ಪ್ರಕೃತಿ ಚಿಕಿತ್ಸೆಯ ಕೇಂದ್ರ ತೆರೆದು, ಸ್ವತಃ ಹಳ್ಳಿಯ ರೋಗಿಗಳನ್ನು ನೋಡಿದರು.

1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಸರ್ದಾರ್ ಪಟೇಲರೊಡನೆ ಮಾತನಾಡುತ್ತ ಅವರು ಮಾಡಿದ ಊಟದಲ್ಲಿ ಆಡಿನ ಹಾಲಿತ್ತು, ಹಸಿ ತರಕಾರಿಯೂ ಬೇಯಿಸಿದ ತರಕಾರಿಯೂ ಇದ್ದವು. ಕೆಲವು ತಿಂಗಳಲ್ಲಿ, ಅದೇ 1948ರಲ್ಲಿ, ಮಣಿಲಾಲನನ್ನು ನಲವತ್ತು ದಿನ ಹಾಸಿಗೆಗೆ ಕೆಡವಿದ್ದ ಟೈಫಾಯಿಡ್ಡಿಗೆ ಕ್ಲೋರಾಂಫೆನಿಕಾಲ್ ಎಂಬ ಔಷಧ ದೊರೆಯಿತು. ಅಮೆರಿಕ ಮತ್ತು ಬ್ರಿಟನ್ನಿನ ಎರಡು ಪ್ರಯೋಗಾಲಯಗಳು ಯಕೃತ್ತಿನ ಸಾರದಿಂದ ಕೆಂಪು ಹರಳುಗಳನ್ನು ಬೇರ್ಪಡಿಸಿದ್ದೂ ಆ ವರ್ಷವೇ. ಅದಕ್ಕೆ ಬಿ12 ಜೀವಸತ್ವವೆಂದು ಹೆಸರಾಯಿತು. ಧಾನ್ಯ, ಕಾಳು, ಬೀಜ, ಸೊಪ್ಪುಗಳಲ್ಲಿ ಅದು ಇಲ್ಲ, ಹಾಲಿನಲ್ಲಿದೆ. ಯಕೃತ್ತಿನಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುವುದರಿಂದ ಕೊರತೆ ಕೂಡಲೇ ಗೊತ್ತಾಗುವುದಿಲ್ಲ. ಹಾಲಿಗೆ ಬದಲು ಗಿಡದಿಂದ ಸಿಗಬಹುದೇ ಎಂದು ಗಾಂಧೀಜಿ ಮೂವತ್ತು ವರ್ಷ ಕೇಳುತ್ತ ಬಂದ ಪ್ರಶ್ನೆಗೆ ಉತ್ತರದ ಒಂದು ಮುಖ್ಯ ಭಾಗ ಆ ಹರಳುಗಳಲ್ಲಿತ್ತು.